ಗಿಡಕ್ಕೆ ರೋಗ ಬಿದ್ದರೆ: ಕೊಡಲಿ ಹಿಡಿಯುವ ಮೊದಲು ಮಾಡಬೇಕಾದ್ದು

ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚು ಕಡಿಮೆ ಅವೇ. "ಮನಿ ಮುಂದಿನ ಬೇವಿನ ಗಿಡ ಒಣಗಾಕತ್ತೈತ್ರಿ, ಕಡಿಸ್ಲೇನು?" "ನುಗ್ಗಿ ಗಿಡದಾಗ ಕಂಬಳಿಹುಳ ತುಂಬ್ಯಾವ, ಯಾವ ಎಣ್ಣಿ ಹೊಡೀಬೇಕ್ರಿ?" "ತೆಂಗಿನ ಗಿಡದ ಕೆಳಗ ನಿಂದ್ರಿಸಿದ ಕಾರು ಕರ್ರಗ ಅಂಟಂಟ ಆಗೈತಿ, ಯಾರಿಗೆ ಹೇಳೋದ್ರಿ?"

ಒಬ್ಬೊಬ್ಬರಿಗೇ ಉತ್ತರ ಹೇಳಿ ಸಾಕಾಗಿದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಬೇಕಾದಷ್ಟನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮನೆಯ ಹಿತ್ತಲು, ಓಣಿ, ಹೊಲದ ಬದು, ಸಣ್ಣ ಮಾವಿನ ತೋಟ ಇವಿಷ್ಟೇ ಇಲ್ಲಿನ ವಿಷಯ. ದೊಡ್ಡ ತೋಟದವರು ತೋಟಗಾರಿಕೆ ಇಲಾಖೆಯವರನ್ನೇ ಕರೆಸಿಕೊಳ್ಳುವುದು ಒಳ್ಳೆಯದು.

ಮೊದಲೇ ಒಂದು ಮಾತು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ನಾನೂ ಹಾಗೇ ಬರೆಯುತ್ತೇನೆ. ಆದರೆ ಅರ್ಜಿಯಲ್ಲಿ ಮಾತ್ರ "ಮರ" ಅಂತ ಬರೆಯಿರಿ. "ಗಿಡ ತೆಗೆಯಲು ಅನುಮತಿ" ಅಂದರೆ ಓದುವವರು ದಾಸವಾಳದ ಗಿಡ ಅಂದುಕೊಂಡಾರು!

ಕೈಗೆ ಬೇಕಾದ ಸಾಮಾನು ಜಾಸ್ತಿ ಏನಿಲ್ಲ: ಫೋಟೋ ತೆಗೆಯುವ ಮೊಬೈಲು, ಹಳೆ ನ್ಯೂಸ್‌ಪೇಪರ್, ಚೂಪಾದ ಚಾಕು, ಹಳೆ ಸೈಕಲ್ ಕಡ್ಡಿ ಒಂದು, ಜಾಗದ ಉತಾರ. ಜತೆಗೆ ಸ್ವಲ್ಪ ತಾಳ್ಮೆ.

1. ಗಿಡ ಯಾರದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಗಿಡ ನಿಮ್ಮ ಕಾಂಪೌಂಡಿನ ಒಳಗಿದ್ದರೆ ಆರೈಕೆ ನಿಮ್ಮದು. ಗಟಾರದ ಆಚೆ, ರಸ್ತೆ ಬದಿಗೆ ಇದ್ದರೆ ಅದು ನಿಮ್ಮದಲ್ಲ. ನೀವೇ ನೆಟ್ಟಿರಬಹುದು, ಇಪ್ಪತ್ತು ವರ್ಷ ನೀರು ಹಾಕಿರಬಹುದು. ಆದರೂ ಅದು ಸಾರ್ವಜನಿಕ ಮರ. ಹುಬ್ಬಳ್ಳಿ-ಧಾರವಾಡದಲ್ಲಿ ಮಹಾನಗರ ಪಾಲಿಕೆಯ ವಲಯ ಕಚೇರಿಗೆ ತಿಳಿಸಬೇಕು. ಗದಗ-ಬೆಟಗೇರಿ ಮತ್ತು ಹಾವೇರಿಯಲ್ಲಿ ನಗರಸಭೆಗೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೆ. ರಾಜ್ಯ ಹೆದ್ದಾರಿ ಬದಿಯ ಗಿಡವಾದರೆ ಲೋಕೋಪಯೋಗಿ ಇಲಾಖೆಯೂ ಬರುತ್ತದೆ.

ಟೊಂಗೆ ಕರೆಂಟಿನ ತಂತಿಗೆ ತಾಗುತ್ತಿದ್ದರೆ ಹೆಸ್ಕಾಂಗೆ ಹೇಳಿ, ಸಹಾಯವಾಣಿ 1912. ಬಿದಿರಿಗೆ ಕುಡುಗೋಲು ಕಟ್ಟಿಕೊಂಡು ನೀವೇ ಹೋಗಬೇಡಿ. ಹಸಿ ಟೊಂಗೆಯಲ್ಲಿ ಕರೆಂಟು ಹರಿಯುತ್ತದೆ.

2. ಅದು ರೋಗವೇ ಹೌದಾ ಅಂತ ನೋಡಿ

ಎಲ್ಲರೂ ಅವಸರ ಮಾಡುವುದು ಈ ಹಂತದಲ್ಲೇ. ಎಲೆ ಹಳದಿಯಾಯಿತು ಅಂದ ಕೂಡಲೇ ಔಷಧದ ಅಂಗಡಿಗೆ ಓಡುತ್ತಾರೆ. ಅಂಗಡಿಯವರು ಗಿಡ ನೋಡಿರುವುದಿಲ್ಲ. ಕೈಗೆ ಸಿಕ್ಕ ಎರಡು ಬಾಟಲಿ ಕೊಟ್ಟು ಕಳಿಸುತ್ತಾರೆ.

ಮೊದಲು ಬುಡ ನೋಡಿ. ಊರೊಳಗೆ ಒಣಗುವ ಎಷ್ಟೋ ಗಿಡಗಳಿಗೆ ಹುಳವೂ ಇಲ್ಲ, ರೋಗವೂ ಇಲ್ಲ. ಬೊಡ್ಡೆಗೆ ತಾಗುವ ಹಾಗೆ ಕಾಂಕ್ರೀಟು ಹಾಕಿರುತ್ತಾರೆ. ಅಥವಾ ಗಟಾರ ತೋಡುವಾಗ ಒಂದು ಮಗ್ಗುಲಿನ ಬೇರು ಪೂರ್ತಿ ಹೋಗಿರುತ್ತದೆ. ಅಥವಾ ದಿನಾ ಬೆಳಿಗ್ಗೆ ಕಸ ಗುಡಿಸಿ ಬುಡದಲ್ಲೇ ಬೆಂಕಿ ಹಚ್ಚುತ್ತಿರುತ್ತಾರೆ. ಗದಗದ ಎರೆ ನೆಲದಲ್ಲಿ ಇನ್ನೊಂದು ತೊಂದರೆ: ಮಳೆ ನೀರು ಬುಡದಲ್ಲಿ ವಾರಗಟ್ಟಲೆ ನಿಂತು ಬೇರು ಕೊಳೆಯುತ್ತದೆ. ಇವಕ್ಕೆಲ್ಲ ಔಷಧ ಗುದ್ದಲಿಯೇ. ಕಾಂಕ್ರೀಟು ಒಡೆದು ಬುಡದ ಸುತ್ತ ಮಣ್ಣು ಬಿಡಿಸಿ. ನೀರು ನಿಲ್ಲುತ್ತಿದ್ದರೆ ಹರಿದು ಹೋಗಲು ದಾರಿ ಮಾಡಿ.

ಆಮೇಲೆ ಉಗುರಿನಿಂದ ಒಂದು ಸಣ್ಣ ಪರೀಕ್ಷೆ ಮಾಡಿ. ಒಣಗಿದಂತೆ ಕಾಣುವ ರೆಂಬೆಯ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣ, ಪುಡಿಪುಡಿ ಬಂದರೆ ಆ ರೆಂಬೆ ಸತ್ತಿದೆ. ಇನ್ನೊಂದು ಅಡಿ ಕೆಳಗೆ ಕೆರೆಯಿರಿ. ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲಿ ಗುರುತು ಮಾಡಿ. ಸಾವಿರ ರೂಪಾಯಿ ಔಷಧಕ್ಕಿಂತ ಆ ಗುರುತು ಹೆಚ್ಚು ಹೇಳುತ್ತದೆ.

ನಮ್ಮ ಕಡೆ ಮತ್ತೆ ಮತ್ತೆ ಕಾಣುವವು ಇವು.

ಬೇವು ಒಣಗುವುದು. ತುದಿಯ ಎಲೆಗಳು ಬಿಸಿನೀರು ಬಿದ್ದ ಹಾಗೆ ಕಂದಿ ಜೋತು ಬೀಳುತ್ತವೆ. ಮಳೆಗಾಲದಲ್ಲಿ ಶುರುವಾಗಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಗಿಡ ಪೂರ್ತಿ ಸುಟ್ಟ ಹಾಗೆ ಕಾಣುತ್ತದೆ. ಇದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮ ಜೀವಿಯಿಂದ ಬರುವ ರೋಗ. ಜತೆಗೆ ಚಿಗುರಿನ ರಸ ಹೀರುವ ಒಂದು ತಿಗಣೆಯೂ ಸೇರಿಕೊಳ್ಳುತ್ತದೆ. ನೋಡಿದರೆ ಎದೆ ಒಡೆಯುತ್ತದೆ, ಒಪ್ಪುತ್ತೇನೆ. ಆದರೆ ದೊಡ್ಡ ಬೇವು ಇದರಿಂದ ಸಾಯುವುದು ಕಡಿಮೆ. ಬೇಸಿಗೆಯ ಹೊತ್ತಿಗೆ ಹೆಚ್ಚಿನವು ಮತ್ತೆ ಚಿಗುರುತ್ತವೆ. ಯುಗಾದಿಗೆ ಬೇವು-ಬೆಲ್ಲಕ್ಕೆ ಹೂವು ಕಡಿಮೆ ಸಿಗಬಹುದು, ಅಷ್ಟೇ. ನವೆಂಬರಿನಲ್ಲಿ ನೋಡಿ ಕಡಿಸಬೇಡಿ. ಏಪ್ರಿಲ್‌ವರೆಗೆ ಕಾಯಿರಿ.

ತೆಂಗಿನ ಬಿಳಿ ನೊಣ. ಗರಿಯ ಅಡಿಭಾಗದಲ್ಲಿ ಬಿಳಿ ಪುಡಿ ಸುರುಳಿ ಸುರುಳಿಯಾಗಿ ಕಂಡರೆ ಅದೇ. ಈ ನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ತೆಂಗಿನ ತೋಟಗಳಲ್ಲಿ. ಅದು ರಸ ಹೀರಿ ಅಂಟು ಸುರಿಸುತ್ತದೆ. ಆ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ನಿಮ್ಮ ಕಾರಿಗೆ, ಕೆಳಗಿನ ಕರಿಬೇವಿಗೆ ಮೆತ್ತಿಕೊಳ್ಳುವುದು ಅದೇ. ಇದಕ್ಕೆ ವಿಷ ಹೊಡೆದರೆ ಕೆಲಸ ಕೆಡುತ್ತದೆ. ಈ ನೊಣದ ಮರಿಗಳ ಒಳಗೇ ಮೊಟ್ಟೆ ಇಟ್ಟು ಅವನ್ನು ಮುಗಿಸುವ ಸಣ್ಣ ಕಣಜಗಳಿವೆ. ಔಷಧಕ್ಕೆ ಮೊದಲು ಸಾಯುವುದು ಅವೇ. ಪೈಪಿನಿಂದ ಜೋರಾಗಿ ನೀರು ಬಿಟ್ಟು ಗರಿಯ ಅಡಿಭಾಗ ತೊಳೆಯಿರಿ. ಎತ್ತರಕ್ಕೆ ಸಿಗದಿದ್ದರೆ ಬಿಟ್ಟುಬಿಡಿ. ಕಾರು ಬೇರೆ ಕಡೆ ನಿಲ್ಲಿಸಿ.

ನುಗ್ಗೆಯ ಕಂಬಳಿಹುಳ. ಹಗಲು ಬೊಡ್ಡೆಯ ಮೇಲೆ ಚಾಪೆ ಹಾಸಿದ ಹಾಗೆ ಗುಂಪಾಗಿ ಕೂತಿರುತ್ತವೆ, ರಾತ್ರಿ ಮೇಲೆ ಹತ್ತಿ ಎಲೆ ತಿನ್ನುತ್ತವೆ. ಗುಂಪಾಗಿ ಕೂರುವುದೇ ನಮಗೆ ಅನುಕೂಲ. ಉದ್ದ ತೋಳಿನ ಅಂಗಿ ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ, ಕಸಬರಿಗೆಯಿಂದ ಗುಡಿಸಿ ಸಾಬೂನು ನೀರಿನ ಬಕೆಟ್ಟಿಗೆ ಬೀಳಿಸಿ. ನುಗ್ಗೆಯ ಎಲೆ, ಹೂ, ಕಾಯಿ ಎಲ್ಲ ನಾವು ತಿನ್ನುವಂಥವು. ಅದಕ್ಕೆ ವಿಷ ಹೊಡೆಯುವ ಯೋಚನೆಯೇ ಬೇಡ.

ಮಾವಿನ ಕಾಂಡ ಕೊರಕ. ಕೆಲಗೇರಿಯಿಂದ ಕಲಘಟಗಿವರೆಗೆ, ಆ ಕಡೆ ಹಾನಗಲ್ಲಿನವರೆಗೆ ಹಳೆ ಆಪೂಸು ಗಿಡಗಳನ್ನು ಕೊಲ್ಲುವ ದೊಡ್ಡ ಶತ್ರು. ಬೊಡ್ಡೆಯಲ್ಲಿ ತೂತು, ಕೆಳಗೆ ಮರದ ಹೊಟ್ಟು, ತೂತಿನಿಂದ ಅಂಟು. ಇದನ್ನು ತೆಗೆಯುವುದು ಹೇಗೆ ಅಂತ 4ನೇ ಹಂತದಲ್ಲಿ ಹೇಳುತ್ತೇನೆ.

ಬುಡದ ಅಣಬೆ. ಬೊಡ್ಡೆಗೆ ಅಂಟಿಕೊಂಡು ಕಟ್ಟಿಗೆಯಂಥ ಗಟ್ಟಿ ಅಣಬೆ, ತಟ್ಟೆಯ ಹಾಗೆ ಬೆಳೆದಿದ್ದರೆ ಹುಷಾರು. ಒಳಗಿನ ತಿರುಳು ಅಥವಾ ಬೇರು ಕೊಳೆಯುತ್ತಿದೆ ಅಂತ ಅರ್ಥ. ಮೇಲೆ ತಪ್ಪಲು ಹಸಿರಾಗಿಯೇ ಇರಬಹುದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಮಗ್ಗುಲಾಗುವುದು ಇಂಥವೇ. ಇದಕ್ಕೆ ಮಾತ್ರ ಕಾಯಬೇಡಿ, ನೇರ 5ನೇ ಹಂತಕ್ಕೆ ಹೋಗಿ.

ಗೆದ್ದಲು ಕಂಡು ಹೆದರುವವರೂ ಬಹಳ. ಬೊಡ್ಡೆಯ ಮೇಲಿನ ಗೆದ್ದಲು ಸಾಮಾನ್ಯವಾಗಿ ಸತ್ತ ತೊಗಟೆ ತಿನ್ನುತ್ತದೆ. ಮಣ್ಣು ಉಜ್ಜಿ ತೆಗೆದು ಸುಣ್ಣ-ಕಾವಿ ಬಳಿದರೆ ದೊಡ್ಡ ಗಿಡಕ್ಕೆ ಸಾಕು.

3. ಗೊತ್ತಾಗದಿದ್ದರೆ ತೋರಿಸಿ

ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯವೇ ಇದೆ, ಕುಂಬಾಪುರದಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವೂ ಇದೆ. ಗದಗಿನವರಿಗೆ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯವರಿಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿ ಕೇಂದ್ರ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಕೇಳಬಹುದು. ಹೊಲ ಇಲ್ಲದವರೂ ಹೋಗಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಹೋಗಿ. ಫೋನಿನಲ್ಲಿ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡಬಹುದು.

ಬರಿಗೈಯಲ್ಲಿ ಹೋಗಿ "ಎಲಿ ಒಣಗ್ಯಾವ್ರಿ" ಅಂದರೆ ಪಾಪ ಅವರೇನು ಹೇಳಿಯಾರು? ನಾಲ್ಕು ಫೋಟೋ ತೆಗೆಯಿರಿ: ದೂರದಿಂದ ಪೂರ್ತಿ ಗಿಡ, ಬುಡ, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ. ತೂತಿದ್ದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಇನ್ನೊಂದು ಫೋಟೋ, ಅಳತೆ ತಿಳಿಯುತ್ತದೆ. ಮಾದರಿಗೆ ಪೂರ್ತಿ ಒಣಗಿದ ರೆಂಬೆ ಒಯ್ಯಬೇಡಿ. ಅರ್ಧ ಹಸಿರು, ಅರ್ಧ ಒಣಗಿದ ರೆಂಬೆ ಬೇಕು. ರೋಗದ ಜೀವಿ ಸಿಗುವುದು ಆ ಗಡಿಯಲ್ಲೇ. ನ್ಯೂಸ್‌ಪೇಪರಿನಲ್ಲಿ ಸುತ್ತಿ ಅದೇ ದಿನ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಕೊಳೆಯುತ್ತದೆ. ನಾನೇ ಒಮ್ಮೆ ಮಾವಿನ ರೆಂಬೆಯನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಎರಡು ದಿನ ಸ್ಕೂಟರ್ ಡಿಕ್ಕಿಯಲ್ಲಿ ಮರೆತೆ. ಕೊನೆಗೆ ಅವರಿಗೆ ತೋರಿಸಿದ್ದು ಬರೀ ಬೂಷ್ಟು.

ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಅರ್ಜಿ ಕೊಡುವಾಗ ಆ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

4. ಅನುಮತಿ ಬೇಡದ ಆರೈಕೆ

ನಿಮ್ಮ ಸ್ವಂತ ಗಿಡವಾದರೆ ಈ ಕೆಲಸಗಳಿಗೆ ಯಾರನ್ನೂ ಕೇಳಬೇಕಿಲ್ಲ.

ಕೊರಕದ ಹುಳ ತೆಗೆಯುವುದು. ಸೈಕಲ್ ಕಡ್ಡಿಯ ತುದಿಯನ್ನು ಗಾಳದ ಹಾಗೆ ಸ್ವಲ್ಪ ಬಗ್ಗಿಸಿ. ತೂತಿನ ಬಾಯಿಯ ಹೊಟ್ಟು, ಅಂಟು ಚಾಕುವಿನಿಂದ ತೆಗೆಯಿರಿ. ಕಡ್ಡಿಯನ್ನು ನಿಧಾನ ತಿರುಗಿಸುತ್ತಾ ಒಳಗೆ ಬಿಡಿ. ತೂತು ನೇರ ಇರುವುದಿಲ್ಲ, ಮೇಲಕ್ಕೋ ಕೆಳಕ್ಕೋ ತಿರುಗಿರುತ್ತದೆ. ಜೋರು ಮಾಡಿದರೆ ಕಡ್ಡಿ ಬಾಗುತ್ತದೆ, ಹುಳ ಸಿಗುವುದಿಲ್ಲ. ಕಡ್ಡಿಯ ತುದಿಗೆ ಮೆತ್ತಗೆ ಏನೋ ತಾಗಿತು ಅಂತ ಅನ್ನಿಸಿದಾಗ ಸಿಕ್ಕಿಸಿ ಎಳೆಯಿರಿ. ಬೆರಳು ಗಾತ್ರದ, ಕೆನೆ ಬಣ್ಣದ, ಕಾಲಿಲ್ಲದ ಹುಳ ಬರುತ್ತದೆ. ಕೆಲವೊಮ್ಮೆ ಬರೀ ಕಡ್ಡಿ ಒದ್ದೆಯಾಗಿ ಬರುತ್ತದೆ, ಹುಳ ಒಳಗೇ ಸತ್ತಿದೆ ಅಂತ ಅರ್ಥ. ಆಮೇಲೆ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಬಾಯಿಗೆ ಹಸಿ ಮಣ್ಣು ಮೆತ್ತಿ. ಬೀಡಿ, ಬೆಂಕಿ ಹತ್ತಿರ ಬೇಡ. ಹದಿನೈದು ದಿನ ಬಿಟ್ಟು ನೋಡಿ. ಹೊಸ ಹೊಟ್ಟು ಬಿದ್ದಿದ್ದರೆ ಇನ್ನೊಂದು ಹುಳ ಇದೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಕಾಳಿನ ಕಣಜಕ್ಕೆ ಇಡುವ ಗುಳಿಗೆಯನ್ನು, ಅಂದರೆ ಅಲ್ಯೂಮಿನಿಯಂ ಫಾಸ್ಫೈಡನ್ನು, ತೂತಿಗೆ ಹಾಕುತ್ತಾರೆ. ಮಾಡಬೇಡಿ. ತೇವ ತಾಗಿದರೆ ಅದರಿಂದ ಮನುಷ್ಯರನ್ನು ಕೊಲ್ಲುವ ಗ್ಯಾಸು ಬರುತ್ತದೆ. ಅದನ್ನು ಜನಸಾಮಾನ್ಯರಿಗೆ ಮಾರುವುದಕ್ಕೇ ನಿರ್ಬಂಧ ಇದೆ. ತರಬೇತಿ ಪಡೆದ, ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕಾದ ವಸ್ತು ಅದು.

ಗಾಯಕ್ಕೆ ಬೋರ್ಡೋ ಮುಲಾಮು. ಒಣಗಿದ ರೆಂಬೆ ತೆಗೆದ ಜಾಗಕ್ಕೆ, ಅಂಟು ಸೋರುವ ಜಾಗಕ್ಕೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಮನೆಯ ಒಂದೆರಡು ಗಿಡಕ್ಕಾದರೆ ತಲಾ 100 ಗ್ರಾಂ, 1 ಲೀಟರ್ ನೀರು ಸಾಕು. ಅರ್ಧ ನೀರಿನಲ್ಲಿ ಮೈಲುತುತ್ತ, ಇನ್ನರ್ಧದಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ್ದು ಬೇಡ. ಎರಡನ್ನೂ ಒಟ್ಟಿಗೆ ಸುರಿದು ಕಟ್ಟಿಗೆಯಿಂದ ತಿರುವಿ. ಹದ ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಬಳಿಯಿರಿ, ನಾಳೆಗೆ ಇಡಬೇಡಿ.

ಎಳೆ ಗಿಡಕ್ಕೆ ಹಿಟ್ಟು ತಿಗಣೆ, ಹೇನು ಹತ್ತಿದ್ದರೆ ಬೇವಿನೆಣ್ಣೆ ಸಾಕು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು ಚೂರು ಸಾಬೂನು. ಸಂಜೆ ಹೊಡೆಯಿರಿ. ಬಿಸಿಲಿಗೆ ಹೊಡೆದರೆ ಎಲೆ ಸುಡುತ್ತದೆ.

ಬದನಿಕೆ, ಅಂದರೆ ಮಾವಿನ ಟೊಂಗೆಯ ಮೇಲೆ ಬೇರೂರಿ ಬೇರೆಯೇ ಎಲೆ ಬಿಡುವ ಪರಾವಲಂಬಿ ಗಿಡ. ಬರೀ ಅದನ್ನು ಕಿತ್ತರೆ ಮತ್ತೆ ಚಿಗುರುತ್ತದೆ. ಕೂತ ಜಾಗಕ್ಕಿಂತ ಕೆಳಗೆ ಆ ಸಣ್ಣ ಟೊಂಗೆಯನ್ನೇ ತೆಗೆಯಬೇಕು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುವ ಮೊದಲೇ ಈ ಕೆಲಸ ಆಗಲಿ.

ಟೊಂಗೆ ಕೊಯ್ಯುವಾಗ ಮೇಲಿನಿಂದ ಒಂದೇ ಏಟಿಗೆ ಕೊಯ್ಯಬೇಡಿ, ತೊಗಟೆ ಬೊಡ್ಡೆಯವರೆಗೂ ಸೀಳಿಕೊಂಡು ಬರುತ್ತದೆ. ಬೊಡ್ಡೆಯಿಂದ ಒಂದಡಿ ಆಚೆ, ಕೆಳಗಿನಿಂದ ಮೊದಲು ಕಾಲುಭಾಗ ಕೊಯ್ಯಿರಿ. ಅದರಾಚೆ ಮೇಲಿನಿಂದ ಕೊಯ್ದು ಟೊಂಗೆಯ ಭಾರ ಇಳಿಸಿ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸಕ್ಕೆ ಸ್ಪಿರಿಟ್ ಒರೆಸಿ. ರೋಗದ ರೆಂಬೆಗಳನ್ನು ಬೇರೆ ಗಿಡದ ಬುಡದಲ್ಲಿ ಒಟ್ಟಬೇಡಿ.

ಸಣ್ಣ ಒಣ ರೆಂಬೆ ತೆಗೆಯುವ ಮಾತು ಬೇರೆ. ದೊಡ್ಡ ಟೊಂಗೆಗಳಿಗೆ ಕೈ ಹಾಕುವ ಮೊದಲು ಮುಂದಿನ ಹಂತ ಓದಿ.

5. ಕಡಿಯಲೇಬೇಕು ಅಂತಾದರೆ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅಂತ ಒಂದಿದೆ. ಗಿಡ ನಿಮ್ಮ ಸ್ವಂತದ್ದಾದರೂ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ವೃಕ್ಷ ಅಧಿಕಾರಿ ಅಂದರೆ ಈ ಕಾಯ್ದೆಗಾಗಿ ನೇಮಿಸಿದ ಅರಣ್ಯ ಇಲಾಖೆಯ ಅಧಿಕಾರಿ.

ಜನ ತಪ್ಪು ತಿಳಿಯುವುದು "ಕಡಿಯುವುದು" ಅನ್ನುವ ಪದವನ್ನು. ಕಾಯ್ದೆಯ ಪ್ರಕಾರ ಕೊಡಲಿ ಹಾಕುವುದು ಮಾತ್ರ ಕಡಿಯುವುದಲ್ಲ. ಬುಡದ ಸುತ್ತ ತೊಗಟೆ ಸುಲಿಯುವುದು, ಟೊಂಗೆ ಸವರುವುದು, ತಲೆ ಬೋಳಿಸುವುದು, ಮರ ಸಾಯಿಸುವ ಔಷಧ ಹಾಕುವುದು, ಸುಡುವುದು ಎಲ್ಲವೂ ಅದರಲ್ಲಿ ಸೇರಿವೆ. ಅಂಗಡಿಯ ಬೋರ್ಡು ಕಾಣುವುದಿಲ್ಲ ಅಂತ ರಾತ್ರಿ ಬುಡಕ್ಕೆ ಆ್ಯಸಿಡ್ ಹೊಯ್ದು, ಬೆಳಿಗ್ಗೆ "ರೋಗ ಬಂದು ಒಣಗೈತ್ರಿ" ಅನ್ನುವವರು ಇದನ್ನು ಎರಡು ಸಲ ಓದಲಿ. ನೋಡುವವರಿಗೆ ಗೊತ್ತಾಗುತ್ತದೆ. ರೋಗದ ಗಿಡ ತುದಿಯಿಂದಲೋ ಒಂದು ಮಗ್ಗುಲಿನಿಂದಲೋ ನಿಧಾನ ಒಣಗುತ್ತದೆ. ವಿಷ ಕುಡಿದ ಗಿಡ ಒಮ್ಮೆಲೇ ಪೂರ್ತಿ ಬಾಡುತ್ತದೆ.

ಇನ್ನೊಂದು ಮಾತನ್ನು ಬಹಳ ಜನ ಕೇಳಿಯೇ ಇಲ್ಲ. ಗಿಡ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿ ನಿರಾಕರಿಸಬಾರದು ಅಂತ ಅದೇ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಅಂದಮೇಲೆ ನಿಜಕ್ಕೂ ರೋಗ ಬಂದ ಗಿಡವನ್ನು ಕದ್ದು ಕಡಿಯುವ ಅಗತ್ಯವೇ ಇಲ್ಲ, ಅಲ್ವಾ? ತೋರಿಸಿದರೆ ಆಯಿತು. 3ನೇ ಹಂತದ ಚೀಟಿ ಇಲ್ಲಿ ಕೆಲಸಕ್ಕೆ ಬರುವುದು.

ಅರ್ಜಿಯನ್ನು ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಡಿ. ಜನ ಆರ್‌ಎಫ್‌ಒ ಆಫೀಸು ಅನ್ನುತ್ತಾರಲ್ಲ, ಅದೇ. ಸಾಮಾನ್ಯವಾಗಿ ಕೇಳುವುದು ಇಷ್ಟು: ಹೊಲವಾದರೆ ಪಹಣಿ, ಊರೊಳಗಾದರೆ ಸಿಟಿ ಸರ್ವೆ ಉತಾರ ಅಥವಾ ಖಾತಾ, ಕರ ತುಂಬಿದ ರಸೀದಿ, ಆಧಾರ್ ಪ್ರತಿ, ಫೋಟೋಗಳು. ಉತಾರ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಎಲ್ಲರ ಒಪ್ಪಿಗೆಯ ಸಹಿ ಮೊದಲೇ ಹಾಕಿಸಿಕೊಳ್ಳಿ. ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಅರ್ಜಿಯ ಒಕ್ಕಣೆ ಉದ್ದ ಬೇಡ. ಹೀಗೆ ಬರೆದರೆ ಸಾಕು:

"ನಮ್ಮ ಮನೆಯ ಆವರಣದಲ್ಲಿರುವ ಒಂದು ಮಾವಿನ ಮರದ ಬುಡದಲ್ಲಿ ಅಣಬೆ ಬೆಳೆದು ಕಾಂಡ ಟೊಳ್ಳಾಗಿದೆ. ಮರ ಮನೆಯ ಕಡೆಗೆ ವಾಲಿದ್ದು, ಬಿದ್ದರೆ ಜೀವಹಾನಿಯಾಗುವ ಭಯವಿದೆ. ತಜ್ಞರ ಅಭಿಪ್ರಾಯ ಮತ್ತು ಫೋಟೋ ಲಗತ್ತಿಸಿದ್ದೇನೆ. ಸ್ಥಳ ಪರಿಶೀಲಿಸಿ ಮರ ತೆಗೆಯಲು ಅನುಮತಿ ನೀಡಬೇಕೆಂದು ಕೋರುತ್ತೇನೆ."

ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. "ಬಾಯಿಲೆ ಹೇಳೇವ್ರಿ" ಅನ್ನುವುದು ಲೆಕ್ಕಕ್ಕಿಲ್ಲ. ಸಿಬ್ಬಂದಿ ಸ್ಥಳಕ್ಕೆ ಬಂದು ನೋಡುತ್ತಾರೆ. ಅಲ್ಲಿಯವರೆಗೆ ಒಂದು ಟೊಂಗೆಯನ್ನೂ ಮುಟ್ಟಬೇಡಿ. ಅರ್ಧ ಕಡಿದ ಗಿಡ ನೋಡಿದರೆ ಅವರಿಗೆ ರೋಗ ಕಾಣುವುದಿಲ್ಲ, ಕೊಡಲಿ ಏಟು ಕಾಣುತ್ತದೆ. ಅನುಮತಿ ಸಿಗದಿದ್ದರೆ ಮೇಲ್ಮನವಿಗೂ ಅವಕಾಶ ಇದೆ.

ತೆಂಗು, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಗಿಡ ಆ ಪಟ್ಟಿಯಲ್ಲಿದೆಯಾ ಅಂತ ಅದೇ ಕಚೇರಿಯಲ್ಲಿ ಕೇಳಿ. ಶ್ರೀಗಂಧ ಮಾತ್ರ ಬೇರೆಯೇ ಲೆಕ್ಕ. ನಿಮ್ಮ ಹೊಲದಲ್ಲಿ ನೀವೇ ಬೆಳೆಸಿದ್ದರೂ, ಎಲೆ ಸಣ್ಣಗಾಗಿ ರೆಂಬೆ ಮುಳ್ಳಿನಂತಾಗುವ ಸ್ಪೈಕ್ ರೋಗ ಬಂದು ಸತ್ತಿದ್ದರೂ ಸರಿ, ಅರಣ್ಯ ಇಲಾಖೆಗೆ ಹೇಳದೆ ಮುಟ್ಟಬೇಡಿ. ಸಾಗುವಾನಿಯಂಥ ಕಟ್ಟಿಗೆ ಸಾಗಿಸಲು ಬೇರೆ ಸಾಗಣೆ ಪರವಾನಗಿ ಬೇಕು. ಕಡಿಯುವ ಅನುಮತಿಯ ಕಾಗದ ತೋರಿಸಿ ಟ್ರ್ಯಾಕ್ಟರ್ ಹೊರಡಿಸಿದರೆ ನಾಕಾದಲ್ಲಿ ನಿಲ್ಲಿಸುತ್ತಾರೆ.

ಗಿಡ ಈಗಲೋ ಆಗಲೋ ಬೀಳುವ ಹಾಗಿದ್ದರೆ ಅರ್ಜಿ ಬರೆಯುತ್ತಾ ಕೂರಬೇಡಿ. ಕೆಳಗಿನ ಜನ, ವಾಹನ ಸರಿಸಿ 112ಕ್ಕೆ ಫೋನ್ ಮಾಡಿ, ಪಾಲಿಕೆ ಅಥವಾ ನಗರಸಭೆಗೂ ತಿಳಿಸಿ.

6. ವಿಷ ಹೊಡೆಯಲೇಬೇಕಾದರೆ

ಮಾವಿನ ತೋಟದವರಿಗೆ ಹೂ ಬಿಡುವ ಕಾಲದಲ್ಲಿ ಜಿಗಿಹುಳ, ಬೂದಿರೋಗದ ಕಾಟ ತಪ್ಪಿದ್ದಲ್ಲ. ಹೊಡೆಯಿರಿ, ಆದರೆ ಡಬ್ಬಿ ನೋಡಿ ಹೊಡೆಯಿರಿ.

ಕೀಟನಾಶಕ ಕಾಯ್ದೆ, 1968ರ ನಿಯಮದಂತೆ ಪ್ರತಿ ಡಬ್ಬಿಯ ಮೇಲೂ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು ಅಂತ ಇಳಿಯುತ್ತಾ ಹೋಗುತ್ತದೆ. ಹಸಿರು ಅಂದರೆ ವಿಷವೇ ಅಲ್ಲ ಅಂತ ಅರ್ಥವಲ್ಲ, ಕಡಿಮೆ ವಿಷ ಅಂತ. ಮನೆ ಹಿತ್ತಲಿಗೆ ಕೆಂಪು, ಹಳದಿ ತರಲೇಬೇಡಿ. ಯಾವ ಬೆಳೆಗೆ, ಎಷ್ಟು ಪ್ರಮಾಣ, ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಲ್ಲ ಒಳಗಿನ ಹಾಳೆಯಲ್ಲಿ ಇರುತ್ತದೆ. ನಿಮ್ಮ ಬೆಳೆಯ ಹೆಸರೇ ಅದರಲ್ಲಿ ಇಲ್ಲದಿದ್ದರೆ ಆ ಔಷಧ ನಿಮಗಲ್ಲ.

ಹಳೆ ಪುಸ್ತಕ, ಹಳೆ ಕರಪತ್ರ ನೋಡಿ ಔಷಧ ಕೇಳುವವರಿಗೆ ಇದು ಮುಖ್ಯ. ಎಂಡೋಸಲ್ಫಾನ್ 2011ರಿಂದ ನಿಷೇಧ. ಕಾಂಡ ಕೊರಕದ ತೂತಿಗೆ ಬಿಡಿ ಅಂತ ಎಲ್ಲ ಕಡೆ ಬರೆದಿರುವ ಡೈಕ್ಲೋರ್‌ವಾಸ್, ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು, ಎರಡೂ 2020ರ ಕೊನೆಗೆ ನಿಂತಿವೆ. "ಹಳೇ ಸ್ಟಾಕ್ ಐತ್ರಿ" ಅಂತ ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ. ಯಾವುದೇ ಔಷಧ ಕೊಂಡರೂ ಬಿಲ್ಲು ಕೇಳಿ. ಬಿಲ್ಲು ಕೊಡದ ಅಂಗಡಿಯ ಔಷಧ ನಕಲಿಯಾದರೆ ನೀವು ಯಾರನ್ನೂ ಕೇಳುವಂತಿಲ್ಲ. ಕೀಟ ನಿಯಂತ್ರಣದವರನ್ನು ಕರೆಸಿದರೆ ಅವರ ಪರವಾನಗಿ ನೋಡಿ.

ಮಾವು ಪೂರ್ತಿ ಹೂ ಬಿಟ್ಟಾಗ ಹೊಡೆಯಬೇಡಿ. ಜೇನು, ನೊಣ ಸತ್ತರೆ ಕಾಯಿ ಕಚ್ಚುವುದು ಹೇಗೆ? ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಬೆನ್ನು ಮಾಡಿ ಹೊಡೆಯಿರಿ. ಪಕ್ಕದಲ್ಲಿ ಬಾವಿ, ದನದ ಕೊಟ್ಟಿಗೆ, ರೇಷ್ಮೆ ಮನೆ ಇದ್ದರೆ ಅವರಿಗೆ ಹಿಂದಿನ ದಿನವೇ ಹೇಳಿ. ಹಾವೇರಿ ಕಡೆ ರೇಷ್ಮೆ ಇರುವಲ್ಲಿ ಇದು ಜಗಳಕ್ಕೇ ದಾರಿ, ಹಿಪ್ಪುನೇರಳೆ ಎಲೆಗೆ ಚೂರು ತಾಗಿದರೂ ಹುಳ ಸಾಯುತ್ತವೆ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡಬೇಡಿ, ಒಡೆದು ಊರಿನಿಂದ ದೂರ ಹೂಳಿ. ಯಾರಿಗಾದರೂ ತಲೆ ಸುತ್ತು, ವಾಂತಿ ಶುರುವಾದರೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಡಬ್ಬಿಯನ್ನೂ ಒಯ್ಯಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

7. ಸರ್ಕಾರವೇ ಅಧಿಸೂಚನೆ ಹೊರಡಿಸಿದರೆ

ಇದು ಅಪರೂಪ, ಆದರೂ ತಿಳಿದಿರಲಿ. ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ, 1968ರ ಅಡಿ ಒಂದು ಪ್ರದೇಶದಲ್ಲಿ ಇಂಥ ಕೀಟ ಅಥವಾ ರೋಗ ಹಬ್ಬಿದೆ ಅಂತ ಸರ್ಕಾರ ಘೋಷಿಸಬಹುದು. ಘೋಷಿಸಿದ ಮೇಲೆ ಜಮೀನು ಉಳುವವರು ಹೇಳಿದ ಕ್ರಮ ಮಾಡಲೇಬೇಕು. ನೋಟಿಸು ಬಂದರೂ ಮಾಡದಿದ್ದರೆ ಇಲಾಖೆಯೇ ಮಾಡಿಸಿ ಖರ್ಚು ನಿಮ್ಮಿಂದ ವಸೂಲಿ ಮಾಡಬಹುದು. ಘೋಷಣೆ ಇಲ್ಲದೆ ಯಾರೋ ಬಂದು "ನಿಮ್ಮ ಗಿಡಕ್ಕ ರೋಗ ಐತಿ, ದಂಡ ಕಟ್ರಿ" ಅಂದರೆ ಗುರುತಿನ ಚೀಟಿ, ಬರಹದಲ್ಲಿರುವ ನೋಟಿಸು ಕೇಳಿ.

8. ತೆಗೆದ ಮೇಲೆ

ಅನುಮತಿ ಪತ್ರದಲ್ಲಿ ಬದಲಿ ಸಸಿ ನೆಡಬೇಕು ಅಂತ ಷರತ್ತು ಹಾಕಬಹುದು. ಕಾಯ್ದೆಯಲ್ಲಿರುವ ಗಡುವು ಗಿಡ ತೆಗೆದ ದಿನದಿಂದ 30 ದಿನ. ಏಪ್ರಿಲಿನಲ್ಲಿ ತೆಗೆದಿದ್ದರೆ ಮೇ ಬಿಸಿಲಿಗೆ ಸಸಿ ಬದುಕುವುದು ಕಷ್ಟ. ಮಳೆ ಬೀಳುವವರೆಗೆ ಸಮಯ ಕೊಡಿ ಅಂತ ಬರೆದು ಕೇಳಿ, ಗಡುವು ಮುಂದೂಡಲು ಅವರಿಗೆ ಅಧಿಕಾರ ಇದೆ.

ಬೇರು ಕೊಳೆತು ಸತ್ತ ಗಿಡದ ಕುಣಿಯಲ್ಲೇ ಅದೇ ಜಾತಿಯ ಸಸಿ ಇಡಬೇಡಿ. ಹಳೆ ಬೇರು ಆದಷ್ಟು ಕಿತ್ತು ತೆಗೆದು, ಕುಣಿಯನ್ನು ಬಿಸಿಲಿಗೆ ತೆರೆದು ಬಿಡಿ. ಹತ್ತಡಿ ಆಚೆ ಬೇರೆ ಜಾತಿಯದ್ದು ನೆಡಿ. ಮಾವು ಹೋದ ಕಡೆ ಹೊಂಗೆ ಚೆನ್ನಾಗಿ ಬರುತ್ತದೆ. ಕೊರಕ ಹಿಡಿದ ಮಾವಿನ ಕಟ್ಟಿಗೆಯನ್ನು ಒಲೆಗೆ ಅಂತ ತೋಟದಲ್ಲೇ ಒಟ್ಟಿಟ್ಟರೆ ಒಳಗಿನ ಹುಳ ದುಂಬಿಯಾಗಿ ಹೊರಬಂದು ಪಕ್ಕದ ಗಿಡಕ್ಕೆ ಹೋಗುತ್ತದೆ. ಮೊದಲು ಸುಡಬೇಕಾದ್ದು ಅದೇ. ಸಸಿ ನೆಟ್ಟ ದಿನ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡು, ಅನುಮತಿ ಪತ್ರದ ನಂಬರ್ ಬರೆದು ಅದೇ ಕಚೇರಿಗೆ ಒಂದು ಪ್ರತಿ ಕೊಟ್ಟು ಬನ್ನಿ.